ಹಳೆಯ ಹೈಸ್ಕೂಲಿನ ಸ್ಟೇಜು

2022ರಲ್ಲಿ ನಾನು ವಾಷಿಂಗ್ಟನ್ ಡಿಸಿ ಪಕ್ಕದ ವರ್ಜೀನಿಯಾದಲ್ಲಿ, ಒಂದು ಕೌಂಟಿಯ, ಅಂದರೆ ಜಿಲ್ಲೆಯ, ಶಾಲಾ ಇಲಾಖೆಯಲ್ಲಿ ಫೆಸಿಲಿಟೀಸ್ ಪ್ಲಾನರ್ ಆಗಿದ್ದೆ. ಯಾವ ಶಾಲೆಯಲ್ಲಿ ಎಷ್ಟು ಕೊಠಡಿ, ಎಷ್ಟು ಸೀಟು ಎಂದು ಅಳೆದು, ಯಾವ ಬಡಾವಣೆಯ ಮಕ್ಕಳು ಯಾವ ಶಾಲೆಗೆ ಎಂಬ ಬೌಂಡರಿ ನಕ್ಷೆ ತಯಾರಿಸುವುದು ನನ್ನ ಕೆಲಸ. ನಿರ್ಧಾರ ಮಾತ್ರ ಸ್ಕೂಲ್ ಬೋರ್ಡಿನದು.

ಆ ವರ್ಷ ಹೊಸ ಹೈಸ್ಕೂಲು ತುಂಬಿ ತುಳುಕುತ್ತಿತ್ತು, ಹಳೆಯದರಲ್ಲಿ ಸೀಟು ಖಾಲಿ. ಒಂದು ಬಡಾವಣೆಯನ್ನು ಹಳೆಯದಕ್ಕೆ ಸೇರಿಸಬಹುದೆಂದು ಶಿಫಾರಸು ಬರೆದೆ. ಅಲ್ಲಿ ಅರ್ಧಕ್ಕರ್ಧ ನಮ್ಮ ಕನ್ನಡದವರೇ. ಸರಿ, ಫೋನುಗಳು ಶುರುವಾದವು. ಮೈಸೂರಿನ ಪ್ರಕಾಶ್ ಎಂಬ ಸಾಫ್ಟ್‌ವೇರ್ ಇಂಜಿನಿಯರ್ ನೇರವಾಗಿಯೇ ಕೇಳಿದ.

"ಆಂಟಿ, ನೀವು ನಮ್ಮೋರೇ ಅಲ್ವಾ? ಆ ಲೈನ್ ಸ್ವಲ್ಪ ಆಚೆ ಮೂವ್ ಮಾಡಿಬಿಡಿ."

"ಅದೇನು ನಮ್ಮಪ್ಪನ ಮನೆ ಬೇಲೀನಾ?" ಎಂದು ರೇಗಿದೆ. ಮೊದಲು ಶಾಲೆ ನೋಡಿ, ಆಮೇಲೆ ಮಾತಾಡಿ ಎಂದು ಒಂದು ಶನಿವಾರ ಪೋಷಕರನ್ನೆಲ್ಲ ಕರೆಸಿದೆ.

ಪ್ರಿನ್ಸಿಪಾಲ್ ಮಿಸ್ ವಾಟ್ಕಿನ್ಸ್, ಕಪ್ಪು ಜನಾಂಗದ ಹಿರಿಯ ಹೆಂಗಸು, ತಾವೇ ಮುಂದೆ ನಿಂತು ತೋರಿಸಿದರು. ಲ್ಯಾಬ್, ಜಿಮ್, ಲೈಬ್ರರಿ ಎಲ್ಲ ಚೊಕ್ಕಟ. ಕಪ್ಪು ಮಕ್ಕಳನ್ನು ಬಿಳಿಯರ ಶಾಲೆಗೆ ಸೇರಿಸದಿದ್ದ ಕಾಲದಲ್ಲಿ ಅವರಿಗೆಂದೇ ಕಟ್ಟಿದ ಶಾಲೆ ಅದು. ಕೌಂಟಿ ಗೋಡೆ, ಸೂರು ಕೊಟ್ಟಿತು, ಸ್ಟೇಜು ಕೊಡಲಿಲ್ಲ. ತಂದೆತಾಯಿಗಳೇ ಮರ ಹೊತ್ತು ತಂದು ಕಟ್ಟಿಕೊಂಡರಂತೆ. ಅದರ ಮೇಲೆ ಮಿಸ್ ವಾಟ್ಕಿನ್ಸ್ ಅವರ ತಾಯಿ ನಾಟಕವಾಡಿದ್ದರಂತೆ. "ಈಗ ನಾಟಕದ ಕ್ಲಾಸಿಗೆ ಮಕ್ಕಳು ಸಾಲದು. ನಿಮ್ಮ ಮಕ್ಕಳು ಬಂದರೆ ಉಳಿಯುತ್ತದೆ," ಎಂದರು.

ನಮ್ಮವರಿಗೊಂದು ಚಾಳಿ. ನಾಲ್ಕು ಜನ ಸೇರಿದರೆ ಸಾಕು, ಎದುರಿಗಿದ್ದವರು ಕಿವುಡರೇನೋ ಎಂಬಂತೆ ಕನ್ನಡದಲ್ಲಿ ಶುರು ಹಚ್ಚಿಕೊಳ್ಳುತ್ತಾರೆ. ಗೋಡೆಯ ಮೇಲಿದ್ದ ಈಗಿನ ವಿದ್ಯಾರ್ಥಿಗಳ, ಬಹುಪಾಲು ಕಪ್ಪು ಮಕ್ಕಳ, ಫೋಟೊ ನೋಡುತ್ತ ಪ್ರಕಾಶ್ ಗಟ್ಟಿಯಾಗಿ ಅಂದ: "ಬಿಲ್ಡಿಂಗ್ ಏನೋ ಓಕೆ ಕಣ್ರೀ. ಇಂಥೋರ ಜೊತೆ ನಮ್ಮ ಮಕ್ಕಳನ್ನ ಕೂರಿಸ್ತೀರಾ?" ಕೆಲವರು ನಕ್ಕರು.

ಮಿಸ್ ವಾಟ್ಕಿನ್ಸ್ ತಾವೂ ನಗುತ್ತ, ಅವರು ಏನೆಂದರು ಎಂದು ನನ್ನನ್ನು ಕೇಳಿದರು. ಅಯ್ಯೋ ಶಿವನೇ! ನಾನು ಕೈಯಲ್ಲಿದ್ದ ನಕ್ಷೆ ಮಡಚತೊಡಗಿದೆ. ಪ್ರಕಾಶನ ಮಗಳು ಅನಘಾ, ಎಂಟನೇ ಕ್ಲಾಸಿನವಳು, ಅಪ್ಪನ ಮಾತನ್ನು ಇಂಗ್ಲಿಷಿನಲ್ಲಿ ಇದ್ದದ್ದು ಇದ್ದ ಹಾಗೇ ಹೇಳಿಬಿಟ್ಟಳು.

"ಅನಘಾ! ಸುಮ್ನಿರು!"

"ವೈ, ಅಪ್ಪಾ? ನೀನೇ ಹೇಳಿದ್ದು."

ಮಿಸ್ ವಾಟ್ಕಿನ್ಸ್ ಮುಖದ ನಗು ಇಳಿಯಿತು. "ಈ ಶಾಲೆ ಕಟ್ಟಬೇಕಾಗಿ ಬಂದದ್ದೂ ಇದೇ ಮಾತಿನಿಂದ," ಎಂದರು ಮೆತ್ತಗೆ. ಆಮೇಲೆ ಬಾಗಿಲು ಹಿಡಿದು ನಿಂತು, ಹೊರಟ ಒಬ್ಬೊಬ್ಬರಿಗೂ ಬಂದದ್ದಕ್ಕೆ ಥ್ಯಾಂಕ್ಸ್ ಹೇಳಿದರು. ನಾನು ನಾಚಿಕೆಯಿಂದ ಕುಗ್ಗಿಹೋದೆ. ನನ್ನನ್ನು ಆಂಟಿ ಎಂದು ಕರೆಯುವವರು, ನನ್ನ ಭಾಷೆಯಲ್ಲೇ ಆಡಿದ ಮಾತು ಅದು.

ನಮ್ಮವರು ಬೋರ್ಡಿಗೆ ಅರ್ಜಿ ಕೊಟ್ಟರು: ದೂರ, ಟ್ರಾಫಿಕ್, ಹಳೆಯ ಕಟ್ಟಡ. ನಾನು ಕೇಳಿಸಿಕೊಂಡದ್ದನ್ನು ಬೋರ್ಡಿಗೆ ಹೇಳಿದೆ. ಅರ್ಜಿಯಲ್ಲಿ ಹಾಗೇನೂ ಬರೆದಿಲ್ಲವಲ್ಲ ಎಂದರು. ಹಳೆಯ ಲೈನೇ ಉಳಿಯಿತು, ಆ ಬಡಾವಣೆಯ ಮಕ್ಕಳು ಹಳೆಯ ಶಾಲೆಗೆ ಬರಲಿಲ್ಲ. ಹಳೆಯ ಕಟ್ಟಡ ಎಂಬ ದೂರು ಬಂದಾಗ, ಅದರೊಳಗೆ ಯಾರ ಮಕ್ಕಳಿದ್ದಾರೆ ಎಂದು ಮೊದಲು ನೋಡಬೇಕು. ಆ ಕೆಲಸ ನನಗೆ ಕಲಿಸಿದ್ದು ಇದನ್ನು.

ಮರುವರ್ಷ ನಾಟಕದ ಕ್ಲಾಸು ಮುಚ್ಚಿತು. ಸ್ಟೇಜನ್ನು ಸ್ಟೋರ್‌ರೂಮ್ ಮಾಡಲು ಅಳತೆ ತೆಗೆಯುವ ಕೆಲಸ ನನ್ನ ಪಾಲಿಗೇ ಬಂತು. ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರೂ ಇರಲಿಲ್ಲ. ಮಿಸ್ ವಾಟ್ಕಿನ್ಸ್ ಬಂದು ಮೊಣಕಾಲೂರಿ ಹಿಡಿದರು, ಅಳತೆ ಓದಿ ಹೇಳಿದರು. ನಾನು ತಲೆ ಎತ್ತದೆ ಬರೆದುಕೊಂಡೆ.