ಗಂಟೆ ಹೊಡೆಯುವವರೆಗಿನ ವಿದ್ಯಾರ್ಥಿನಿ

ಇವತ್ತಿನ ಮಂಜು ಬಲು ದಟ್ಟ. ಗೇಟಿನ ಮುಂದೆ ನಿಂತವರಿಗೆ ಗೇಟಿನ ಬೀಗ ಕಾಣದು. ಆಯಮ್ಮ ಕೈಯಲ್ಲೇ ತಡವಿ ಬೀಗ ಹುಡುಕುತ್ತಾರೆ, ಕೀಲಿ ತಿರುಗಿದೊಡನೆ ದೇವರನ್ನು ನೆನೆದು ಒಳಗೆ ಹೋಗುತ್ತಾರೆ. ಪೊರಕೆ ಹಿಡಿಯುವ ಮೊದಲು ಅವರು ನೋಡುವುದು ಮೇಜಿನ ಮೇಲಿನ ಹಿತ್ತಾಳೆಯ ಗಂಟೆಯನ್ನು. ಸೆರಗಿನಿಂದ ಒರೆಸಿ, ಅದರ ನಾಲಿಗೆ ಅಲುಗದ ಹಾಗೆ ಮೆಲ್ಲಗೆ ಇಡುತ್ತಾರೆ. ಇಷ್ಟು ವರ್ಷ ಅವರ ಬಾಯಿಗೆ ಬಂದ ತುತ್ತನ್ನು ಕಿತ್ತುಕೊಂಡದ್ದು ಆ ಗಂಟೆಯೇ.

ಇದು ಶಿಕ್ಷಕರಾಗುವವರಿಗೆ ಪಾಠ ಹೇಳುವವರ ಸಂಘ. ಮೇಷ್ಟರಿಗೆ ಮೇಷ್ಟರು ಅನ್ನಿ. ಸಂಘದೊಳಗೆ ಅವರವರ ಒಲವಿಗೆ ತಕ್ಕ ಆಸಕ್ತಿ ಬಳಗಗಳಿವೆ: ಲೆಕ್ಕದವರದೊಂದು, ವಿಜ್ಞಾನದವರದೊಂದು, ಎಳೆಯರ ಓದಿನವರದೊಂದು. ಲೆಕ್ಕದ ಬಳಗಕ್ಕೆ ಕುರ್ಚಿ ಸಾಲಾಗಿರಬೇಕು, ವಿಜ್ಞಾನದವರಿಗೆ ಮೇಜುಗಳು ಗೋಡೆಗೆ ಸರಿಯಬೇಕು, ಓದಿನ ಬಳಗಕ್ಕೆ ನೆಲದ ಮೇಲೆ ಜಮಖಾನ ಬೇಕು. ಹಾಸುವುದು, ಎತ್ತುವುದು, ಚಹಾ ಕೊಡುವುದು, ಲೋಟ ತೊಳೆಯುವುದು ಆಯಮ್ಮನ ಕೆಲಸ. ಸಂಬಳ ಅದಕ್ಕೇ. ಇನ್ನೊಂದು ಕೆಲಸವನ್ನೂ ಅವರು ಮಾಡುತ್ತಾರೆ, ಅದಕ್ಕೆ ಸಂಬಳವೂ ಇಲ್ಲ, ಹೆಸರೂ ಇಲ್ಲ. ಅವರು ಮಗುವಾಗುತ್ತಾರೆ.

ಬಳಗದ ಕೂಟದಲ್ಲಿ ಒಬ್ಬರು ಎದ್ದು ಪಾಠ ಮಾಡುತ್ತಾರೆ; ಉಳಿದವರು ಮಕ್ಕಳಂತೆ ಕೂರಬೇಕು. ಆದರೆ ಓದಿ ಓದಿ ತಲೆ ನರೆತವರಿಗೆ ಏನೂ ಗೊತ್ತಿಲ್ಲದವರಂತೆ ಕೂರಲು ಬಾರದು. ಪ್ರಶ್ನೆ ಮುಗಿಯುವ ಮುಂಚೆಯೇ ಕೈಯೆತ್ತುತ್ತಾರೆ. ಹಿರಿಯ ಪ್ರಾಧ್ಯಾಪಕರೊಬ್ಬರು ತುಂಟ ಹುಡುಗನಾಗಿ, ಪಕ್ಕದವರ ಕನ್ನಡಕ ಅಡಗಿಸಿಟ್ಟು, ಅದನ್ನು ಜೇಬಿನಲ್ಲೇ ಮರೆತು ಮನೆಗೆ ಹೋದದ್ದೂ ಉಂಟು. ಕೊನೆಗೊಂದು ದಿನ ಸಂಚಾಲಕರು ಚಹಾ ಹಂಚುತ್ತಿದ್ದ ಆಯಮ್ಮನನ್ನು ಕರೆದು, ಒಂದು ಗಳಿಗೆ ಕೂತ್ಕೊಳ್ಳಿ ಎಂದರು. ಕೂತರು. ಅಂದಿನಿಂದ ಎಲ್ಲ ಬಳಗಗಳಿಗೂ ಅವರೇ ಖಾಯಂ ವಿದ್ಯಾರ್ಥಿನಿ.

ಕರೆದದ್ದೇ ತಡ ಕೂತದ್ದಕ್ಕೆ ಕಾರಣವಿದೆ. ನಾಲ್ಕನೇ ತರಗತಿಯಲ್ಲಿದ್ದಾಗ ತಾಯಿ ತೀರಿಕೊಂಡು, ಹಾಲುಗೂಸು ತಂಗಿ ಇವರ ಸೊಂಟಕ್ಕೆ ಬಂದಳು. ಪಾಟಿ ಅಟ್ಟ ಸೇರಿತು. ತಂಗಿ ಬೆಳೆದು, ಓದಿ, ಈಗ ಹೊಲಿಗೆ ಅಂಗಡಿ ನಡೆಸುತ್ತಾಳೆ. ಅಂಗಡಿಯ ಹಿಂದಿನ ಕೋಣೆಯಲ್ಲೇ ಅಕ್ಕತಂಗಿಯರ ಸಂಸಾರ. ಅಷ್ಟು ವರ್ಷದ ಮೇಲೆ ಯಾರೋ ಎದುರು ನಿಂತು, ತನ್ನ ಮುಖವನ್ನೇ ನೋಡುತ್ತ, ತನಗೆಂದೇ ಪಾಠ ಹೇಳಿದರೆ ಜೀವಕ್ಕೆ ಹೇಗಾಗಬೇಡ?

ಆದರೆ ಬಳಗದ ಪಾಠಕ್ಕೆ ತಲೆಯುಂಟು, ಬಾಲವಿಲ್ಲ. ಬಳಗದವರು ನೋಡಬೇಕಾದದ್ದು ಪಾಠ ಮಾಡುವ ಬಗೆಯನ್ನು. ಅದು ಕಂಡಿತೆಂದರೆ ಸಂಚಾಲಕರು ಗಂಟೆ ಹೊಡೆಯುತ್ತಾರೆ. ಪಾಠ ಇದ್ದಲ್ಲೇ ನಿಲ್ಲುತ್ತದೆ, ಚರ್ಚೆ ಶುರುವಾಗುತ್ತದೆ, ಆಯಮ್ಮ ಲೋಟ ತೆಗೆಯಲು ಏಳುತ್ತಾರೆ. "ಭಿನ್ನರಾಶಿ ಪಾಠದಲ್ಲಿ ಹಣ್ಣು ಕತ್ತರಿಸೋದನ್ನ ಎಷ್ಟು ಸಲ ಕಲ್ತಿದೀನೋ. ಕೂಡಿಸೋದು ಬರೋದ್ರೊಳಗೆ ಗಂಟೆ," ಎಂದು ನಗುತ್ತಾರೆ.

ನಗಲಾಗದ್ದು ಒಂದಿದೆ. ವರ್ಷಗಳ ಹಿಂದೆ ಓದಿನ ಬಳಗದಲ್ಲಿ ಉದ್ದ ಜಡೆಯ ಹೊಸ ಉಪನ್ಯಾಸಕಿಯೊಬ್ಬರು ಕಥೆ ಹೇಳಿದರು. ಅಮ್ಮನ ಕೊಡ ಬಾವಿಗೆ ಬೀಳುತ್ತದೆ. ಹುಡುಗಿ ಅದನ್ನು ತರಲು ಮೆಟ್ಟಿಲಿಳಿಯುತ್ತಾಳೆ. ಅರ್ಧ ಇಳಿದಾಗ ಬಾವಿಯ ಗೋಡೆಯಲ್ಲೊಂದು ಪುಟ್ಟ ಬಾಗಿಲು. ಹುಡುಗಿ ತಟ್ಟುತ್ತಾಳೆ. ಅಷ್ಟರಲ್ಲಿ ಗಂಟೆ. ಮುಂದಿನ ವಾರವೇ ಉಪನ್ಯಾಸಕಿಗೆ ದೂರದ ಊರಿಗೆ ವರ್ಗವಾಯಿತು. ಆಯಮ್ಮ ಕಂಡಕಂಡವರನ್ನು ಕೇಳಿದರು. ಅದು ಅವರೇ ಕಟ್ಟಿದ ಕಥೆ, ನಮಗೇನು ಗೊತ್ತು ಎಂದರು ಎಲ್ಲರೂ. ಕಸ ಗುಡಿಸುವಾಗ, ನಲ್ಲಿಯ ಕೆಳಗೆ ಬಿಂದಿಗೆ ತುಂಬುವಾಗ, ಆ ಹುಡುಗಿ ಇವರ ಕಣ್ಣೆದುರು ಬಾಗಿಲಲ್ಲೇ ನಿಂತಿರುತ್ತಾಳೆ. "ಅಕ್ಕ, ಆ ಕಥೆ ಮುಗಿಯೋದ್ರೊಳಗೆ ನಮ್ಮಿಬ್ಬರ ಕಥೆನೂ ಮುಗಿಯುತ್ತೆ ಬಿಡು," ಎಂದು ತಂಗಿ ಛೇಡಿಸುತ್ತಾಳೆ.

ತಂಗಿಯ ಮಾತೇ ನಿಜವಾದೀತೇನೋ ಎಂಬ ಅಳುಕು ಇವತ್ತು. ಬರುವ ತಿಂಗಳಿನಿಂದ ಬಳಗದವರು ಅವರವರ ಮನೆಯಲ್ಲೇ ಕೂತು ಕಂಪ್ಯೂಟರಿನ ಪರದೆಯಲ್ಲಿ ಸೇರುತ್ತಾರೆ. ಈ ಕೋಣೆಯಲ್ಲಿ ಓದಿನ ಬಳಗದ ಕೊನೆಯ ಕೂಟ ಇದು. ಹಳಬರೂ ಬರುತ್ತಾರಂತೆ, ಆ ಉಪನ್ಯಾಸಕಿಯೂ.

ಮಂಜು ಕರಗುವ ಹೊತ್ತಿಗೆ ಅವರು ಬರುತ್ತಾರೆ. ಜಡೆ ನರೆತು ತುರುಬಾಗಿದೆ. ಭಾಷಣಗಳಾಗುತ್ತವೆ, ಫೋಟೊ ತೆಗೆಯುತ್ತಾರೆ, ಪಾಠ ಮಾತ್ರ ಯಾರೂ ಮಾಡುವುದಿಲ್ಲ. ಉಪನ್ಯಾಸಕಿ ಬೇಡವೆಂದರೂ ಆಯಮ್ಮ ಅವರಿಗೆ ಎರಡನೇ ಸಲ ಚಹಾ ಕೊಡುತ್ತಾರೆ; ಕಥೆಯ ಮಾತೆತ್ತಲು ಮಾತ್ರ ಧೈರ್ಯ ಸಾಲದು. ಜನ ಕರಗಿದ ಮೇಲೆ ಲೋಟ ಹಿಂದಿರುಗಿಸಲು ಉಪನ್ಯಾಸಕಿಯೇ ಹತ್ತಿರ ಬರುತ್ತಾರೆ.

"ಮೇಡಂ, ಆ ಬಾಗಿಲು ತೆಗೆದೋರು ಯಾರು?"

ಅವರಿಗೆ ಮೊದಲು ಅರ್ಥವಾಗುವುದಿಲ್ಲ. ಬಾವಿ, ಕೊಡ ಎಂದೊಡನೆ ಮುಖ ಇಳಿಯುತ್ತದೆ.

"ಕೊನೆ ಅಂತ ನಾನು ಮಾಡೇ ಇರ್ಲಿಲ್ಲ ಆಯಮ್ಮ. ಗಂಟೆ ಹೊಡೀತಾರೆ ಅಂತ ಗೊತ್ತಿತ್ತಲ್ಲ. ಅಲ್ಲೀವರೆಗೆ ಮಾತ್ರ ಕಟ್ಟಿದ್ದೆ."

ಆಯಮ್ಮ ಬಗ್ಗಿ ಜಮಖಾನದ ಅಂಚು ಹಿಡಿದು ಸುತ್ತತೊಡಗುತ್ತಾರೆ. "ಹೋಗ್ಲಿ ಬಿಡಿ ಮೇಡಂ. ತಟ್ಟಿದ ಮೇಲೆ ಒಳಗೆ ಯಾರಾದ್ರೂ ಇದ್ದೇ ಇರ್ತಾರೆ ಅಂದ್ಕೊಂಡಿದ್ದೆ, ಅಷ್ಟೇ."

ಹೊರಗೆ ಕಾರಿನವನು ಹಾರ್ನ್ ಹೊಡೆಯುತ್ತಾನೆ. ಉಪನ್ಯಾಸಕಿ ಕದಲುವುದಿಲ್ಲ. ಹಿತ್ತಾಳೆ ಗಂಟೆಯ ನಾಲಿಗೆಗೆ ತಮ್ಮ ಕರವಸ್ತ್ರ ಸುತ್ತಿ ಅದನ್ನು ಕಪಾಟಿನೊಳಗಿಡುತ್ತಾರೆ. ಅರ್ಧ ಸುತ್ತಿದ ಜಮಖಾನವನ್ನು ಮತ್ತೆ ಬಿಡಿಸಿ, ಆಯಮ್ಮನ ಕೈಹಿಡಿದು ಕೂರಿಸಿ, ಎದುರು ನಿಲ್ಲುತ್ತಾರೆ. ಮೊದಲಿನಿಂದ ಶುರು ಮಾಡುತ್ತಾರೆ. ಕೊಡ ಬೀಳುತ್ತದೆ. ಹುಡುಗಿ ಇಳಿಯುತ್ತಾಳೆ, ತಟ್ಟುತ್ತಾಳೆ. ಉಪನ್ಯಾಸಕಿ ಕಣ್ಣು ಮುಚ್ಚಿ, ಅಲ್ಲಿಂದ ಮುಂದಿನದನ್ನು ಆಗಲೇ ಕಟ್ಟುತ್ತಾರೆ.

ಬಾಗಿಲು ತೆಗೆದವಳು ಒಬ್ಬ ಮುದುಕಿ. ತಡವಾಯ್ತು ಮಗಳೇ ಎನ್ನುತ್ತಾಳೆ. ಮತ್ತೇನೂ ಹೇಳದೆ ಒಳಗೆ ಹೋಗಿ, ನೀರು ತುಂಬಿದ ಕೊಡವನ್ನು ತಂದು ಹುಡುಗಿಯ ಸೊಂಟದ ಮೇಲೆ ಇಡುತ್ತಾಳೆ.