ಚಪ್ಪಲಿ ರಾಶಿಯ ಮುಂದೆ ನಿಂತ ಚುಕ್ಕಿ

ಮಧುಗಿರಿ ಬೆಟ್ಟಕ್ಕೆ ಇನ್ನೂ ಬಿಸಿಲು ತಾಗಿಲ್ಲ. ಗಂಗಾಂಬಿಕಾ ಆಗಲೇ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಪರದೆಯ ಮೇಲೆ ಪಾವಗಡದ ಶಾಲೆಯೊಂದರಲ್ಲಿ ಬೆಂಕಿ ಬಿದ್ದಂತೆ ನಡೆಸಿದ ಅಣಕು ಕಾರ್ಯಾಚರಣೆಯ ವಿಡಿಯೊ. ಗಂಟೆ ಹೊಡೆದಿದೆ, ಮಕ್ಕಳು ಬಾಗಿಲಿಗೆ ನುಗ್ಗುತ್ತಿದ್ದಾರೆ. ಇವರು ವಿಡಿಯೊವನ್ನು ಹೆಜ್ಜೆಹೆಜ್ಜೆಗೂ ನಿಲ್ಲಿಸಿ, ಒಂದೊಂದು ತಲೆಯ ಮೇಲೂ ಹಳದಿ ಚುಕ್ಕಿ ಇಡುತ್ತಾರೆ.

ಇದೆಂಥ ಕೆಲಸವಪ್ಪಾ ಅನ್ನಬೇಡಿ. ಬೆಂಕಿ ಬಿದ್ದರೆ ಜನ ಹೇಗೆ ಓಡುತ್ತಾರೆ, ಎಲ್ಲಿ ಸಿಕ್ಕಿಕೊಳ್ಳುತ್ತಾರೆ ಎಂದು ಎಂಜಿನಿಯರ್‌ಗಳು ಕಂಪ್ಯೂಟರಿನೊಳಗೇ ಓಡಿಸಿ ನೋಡುವುದು ಈ ಚುಕ್ಕಿಗಳನ್ನು ನಂಬಿ. ಎಂಜಿನಿಯರ್‌ಗಳ ವರದಿಯಲ್ಲಿ ಇವರ ಹೆಸರಿರುವುದಿಲ್ಲ, ಬಿಡಿ.

“ದಿನಕ್ಕೆ ಸಾವಿರಾರು ಚುಕ್ಕಿ ಸಾರ್, ಕಣ್ಣು ಉರೀತವೆ. ಆದ್ರೆ ಒಂದು ತಲೆ ಬುಟ್ಟೋದ್ರೂ ಆ ಮನುಷ್ಯ ಒಳಗೇ ಉಳ್ಕಂಡಂಗೆ ಅನ್ನಿಸ್ತದೆ,” ಎನ್ನುತ್ತಾರೆ ಗಂಗಾಂಬಿಕಾ.

ಅಪ್ಪ ಇಲ್ಲದ ಮನೆ. ತಾಯಿ ಚಿಕ್ಕಹನುಮಕ್ಕ ಗಾರ್ಮೆಂಟ್ಸಿನಲ್ಲಿ ಹೊಲಿದೇ ಮಗಳನ್ನು ಬಿ.ಕಾಂ. ಓದಿಸಿದರು, ಈಗಲೂ ಅಲ್ಲೇ ಹೊಲಿಯುತ್ತಾರೆ. ಕಳೆದ ತಿಂಗಳು ಬಂದ ಅಣಕು ಕಾರ್ಯಾಚರಣೆಯ ವಿಡಿಯೊ ಅದೇ ಗಾರ್ಮೆಂಟ್ಸಿನದು. ಅಲ್ಲಿ ಹೊಲಿಗೆ ಹಾಲ್‌ನೊಳಕ್ಕೆ ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ, ಬಾಗಿಲಲ್ಲೇ ಚಪ್ಪಲಿ ರಾಶಿ. ಗಂಟೆ ಹೊಡೆದಾಗ ಒಬ್ಬ ಹೆಂಗಸು ಮಾತ್ರ ರಾಶಿಯ ಮುಂದೆ ಬಗ್ಗಿ ಹುಡುಕುತ್ತ ನಿಂತರು. ಬೆನ್ನು ನೋಡಿಯೇ ಮಗಳಿಗೆ ಗೊತ್ತಾಯಿತು, ಅದು ಅವ್ವ. ಎಂಜಿನಿಯರ್‌ಗಳು ಅದಕ್ಕೆ ಕಂಪ್ಯೂಟರಿನಲ್ಲೇ ಹೊಗೆ ಸೇರಿಸಿ ಓಡಿಸಿ ಕಳಿಸಿದಾಗ, ಆ ಚುಕ್ಕಿ ಆಚೆ ಬರಲೇ ಇಲ್ಲ.

“ಅವ್ವ ಸಂಜೆ ಬರ್ತಿದ್ದಂಗೇ ಬೈದ್ಬುಟ್ಟೆ ಸಾರ್. ಬೆಂಕಿ ಬಿದ್ರೂ ಚಪ್ಪಲಿ ಹುಡುಕ್ತಾ ನಿಂತ್ಕಂತೀಯೇನವ್ವ ಅಂತ.”

ಟೀ ಲೋಟ ತಂದಿಟ್ಟ ಚಿಕ್ಕಹನುಮಕ್ಕ ನಡುವೆ ಬಾಯಿ ಹಾಕುತ್ತಾರೆ: “ಇವಳು ಮೊದಲ್ನೇ ಸಂಬಳದಾಗೆ ಕೊಡಿಸಿದ ಚಪ್ಪಲಿ ಕಣಪ್ಪ. ಹೆಂಗೆ ಬುಟ್ಟು ಬರ್ಲಿ?”

ಗಂಗಾಂಬಿಕಾ ಮುಖ ತಿರುಗಿಸಿ ಪರದೆ ನೋಡುತ್ತಾರೆ. ಬೈದದ್ದು ಈಗ ಅವರಿಗೇ ಚುಚ್ಚುತ್ತಿದೆ.

ಚಪ್ಪಲಿ ರಾಶಿಯನ್ನು ಬಾಗಿಲಿಂದ ದೂರ ಸರಿಸಿ ಎಂದು ಎಂಜಿನಿಯರ್‌ಗಳು ಬರೆದಿದ್ದಾರಂತೆ. ಗಾರ್ಮೆಂಟ್ಸಿನವರು ಇನ್ನೂ ಸರಿಸಿಲ್ಲ. ಗಾರ್ಮೆಂಟ್ಸ್ ಬಸ್ಸಿನ ಹೊತ್ತಾಗಿದೆ, ಚಿಕ್ಕಹನುಮಕ್ಕ ಬುತ್ತಿ ಕಟ್ಟಿಕೊಂಡು ಹೊರಟಿದ್ದಾರೆ. ಮಗಳು ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಾರೆ.

“ನಿನ್ನ ದಮ್ಮಯ್ಯ, ಗಂಟೆ ಹೊಡೆದ್ರೆ ಸೀದಾ ಆಚೆ ಬಂದ್ಬುಡವ್ವ. ಚಪ್ಪಲಿ ಇನ್ನೊಂದು ಜೊತೆ ತರ್ತೀನಿ. ನಿನ್ನ ಎಲ್ಲಿಂದ ತರ್ಲಿ?”

ಚಿಕ್ಕಹನುಮಕ್ಕ ಮೆಟ್ಟಿದ್ದ ಆ ಚಪ್ಪಲಿ ಕಳಚಿ ಒಳಗಿಟ್ಟು, ಸವೆದ ಹಳೇ ಹವಾಯಿ ಚಪ್ಪಲಿಗೆ ಕಾಲು ತೂರಿಸುತ್ತಾರೆ.

“ಇವನ್ನಾದ್ರೆ ಬುಟ್ಟು ಬರ್ತೀನಿ ಕಣೇ.”