ಎತ್ತಿನ ಚಿತ್ರದ ನೋಟು

ಧಾರವಾಡದಲ್ಲಿ ನಮ್ಮ ಓಣಿಯ ಕೊನೆಯ ಮನೆ ಅರ್ನೆಸ್ಟ್ ಕಾಕಾ ಅವರದು. ಅವರು ಬಡಗಿ. ಕೈ ನಡುಗತೊಡಗಿದ ಮೇಲೆ ದೊಡ್ಡ ಕೆಲಸ ಬಿಟ್ಟು ಹಳೆಯ ಮೇಜು, ಕುರ್ಚಿಗಳನ್ನಷ್ಟೇ ರಿಪೇರಿ ಮಾಡುತ್ತಾರೆ. ಅವರಿಗೂ ಡೋರಾ ಕಾಕುಗೂ ಮಕ್ಕಳಿಲ್ಲ. ಕಾಕಾನ ತಾಯಿ ತೀರಿಕೊಂಡಾಗ ತಮ್ಮ ಜಾಯ್ ಇನ್ನೂ ಸಣ್ಣವನು. ಅವನನ್ನೇ ಮಗನಂತೆ ಬೆಳೆಸಿದರು.

ಹಡಗಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತೆಂದು ಜಾಯ್ ಮುಂಬೈಗೆ ಹೊರಟಾಗ ಚರ್ಚಿನಲ್ಲಿ ಅವನನ್ನು ಎದುರಿಗೆ ನಿಲ್ಲಿಸಿ ಎಲ್ಲರೂ ಪ್ರಾರ್ಥಿಸಿದರು. ಅಂದಿನಿಂದ ಪ್ರತಿ ಭಾನುವಾರ, ಯಾರಿಗಾಗಿ ಪ್ರಾರ್ಥಿಸಬೇಕು ಎಂದು ಸಭಾಪಾಲಕರು ಕೇಳಿದೊಡನೆ ಕಾಕಾ ಎದ್ದು, ಸಮುದ್ರದ ಮೇಲಿರುವ ತನ್ನ ತಮ್ಮನಿಗಾಗಿ ಎನ್ನುತ್ತಿದ್ದರು.

ಜಾಯ್ ವರ್ಷಕ್ಕೊಮ್ಮೆ, ಚರ್ಚಿನ ಸುಗ್ಗಿ ಹಬ್ಬಕ್ಕೆ ಬರುತ್ತಿದ್ದ. ಬರುವಾಗ ಅಣ್ಣನ ಆಲ್ಬಮ್ಮಿಗೆಂದು ಯಾವುದಾದರೂ ಪರದೇಶದ ನೋಟು ತರುತ್ತಿದ್ದ. ಕಾಕಾನದೊಂದು ನಿಯಮವಿತ್ತು. ನೋಟು ಎಲ್ಲಿಯದೆಂದು ತಂದವರು ಹೇಳಬಾರದು.

“ನೀ ಬಾಯಿ ಬಿಡಬ್ಯಾಡ. ದೇಶ ನಾ ಹುಡಕತೇನಿ.”

ಭೂತಗನ್ನಡಿ ಹಿಡಿದು ಅಂಕಿ, ಅಕ್ಷರ, ಹಕ್ಕಿ, ಗಿಡ ಎಲ್ಲವನ್ನೂ ನೋಡುತ್ತಿದ್ದರು. ಹಳೆಯ ಭೂಪಟದ ಪುಸ್ತಕ ತಿರುವುತ್ತಿದ್ದರು. ಜಾಯ್ ಎದುರಿಗೆ ಸುಮ್ಮನೆ ಕೂತಿರುತ್ತಿದ್ದ.

“ಮೊದಲ ಅವ ಉಣ್ಣಲಿ ಬಿಡ್ರಿ. ದೇಶ ಎಲ್ಲೂ ಓಡಿ ಹೋಗಂಗಿಲ್ಲ” ಎಂದು ಕಾಕು ಚೇಷ್ಟೆ ಮಾಡುತ್ತಿದ್ದರು.

ಹೋದ ವರ್ಷದ ಹಬ್ಬಕ್ಕೆ ಜಾಯ್ ಬರಲಿಲ್ಲ. ಹಡಗು ದಡಕ್ಕೆ ಬಂದಿಲ್ಲವೆಂದು ಫೋನ್ ಮಾಡಿದ್ದ. ಅದೇ ದಿನಗಳಲ್ಲಿ ಕಾಕಾ ರಿಪೇರಿ ಮಾಡುತ್ತಿದ್ದ ಒಂದು ಹಳೆಯ ಮೇಜಿನ ಖಾನೆಯಲ್ಲಿ ಹರಿದ ನೋಟೊಂದು ಸಿಕ್ಕಿತು. ಉದ್ದ ಕೊಂಬಿನ ಎತ್ತಿನ ಚಿತ್ರ. ಹುಡುಕಿ ಹುಡುಕಿ ಮಡಗಾಸ್ಕರದ್ದೆಂದು ಗುರುತಿಸಿದರು. ಮೇಜಿನ ಮಾಲೀಕರು ನೀವೇ ಇಟ್ಟುಕೊಳ್ಳಿ ಎಂದರು. ಕಾಕಾ ಗಾಳಿಪಟದ ಹಸಿರು ಕಾಗದದ ಸಣ್ಣ ಪಟ್ಟಿಯನ್ನು ಹಿಂದಿನಿಂದ ಮೈದಾ ಅಂಟಿನಲ್ಲಿ ಹಚ್ಚಿ, ಹರಿದದ್ದನ್ನು ಕೂಡಿಸಿದರು. ಆದರೆ ಆಲ್ಬಮ್ಮಿಗೆ ಸೇರಿಸಲಿಲ್ಲ. ಹಬ್ಬದ ದಿನ ಆರಾಧನೆಯ ನಂತರ ಕಾಣಿಕೆಯ ಕುಂಬಳಕಾಯಿ, ಕೋಳಿ, ಕೇಕುಗಳನ್ನು ಹರಾಜು ಹಾಕುತ್ತಾರೆ. ತಮ್ಮ ಕ್ಷೇಮವಾಗಿ ಬರಲೆಂದು ಬೇಡಿಕೊಂಡು, ಕಾಕಾ ಆ ನೋಟನ್ನೂ ಅವುಗಳ ಜೊತೆ ಇಟ್ಟರು. ನವನಗರದವರೊಬ್ಬರು ಕೂಗಿ ತೆಗೆದುಕೊಂಡರು.

ಈ ವರ್ಷ ಹಬ್ಬದ ಹಿಂದಿನ ಸಂಜೆ ಜಾಯ್ ಬಂದ. ಎಂದಿನಂತೆ ನೋಟು ಕೊಟ್ಟ. ಉದ್ದ ಕೊಂಬಿನ ಎತ್ತು. ಕಾಕಾ ಹಿಂದೆ ತಿರುಗಿಸಿದರು. ಹಸಿರು ಪಟ್ಟಿ ಅಲ್ಲೇ ಇತ್ತು. ಬಹಳ ಹೊತ್ತು ಅದರ ಮೇಲೆ ಬೆರಳಾಡಿಸಿದರು.

“ಈ ಸಲ ನನಗ ತಿಳೀವಲ್ದು. ಯಾವ ದೇಶದ್ದು, ನೀನ ಹೇಳಪಾ.”

ಜಾಯ್ ನೋಟನ್ನೇ ನೋಡಿದ.

“ಈ ಪಟ್ಟಿ ನಾ ಹಚ್ಚಿದ್ದೋ, ಜಾಯ್.”

ಆಗ ಅವನು ಎಲ್ಲವನ್ನೂ ಹೇಳಿದ. ಮುಂಬೈಯಲ್ಲಿ ಏಜೆಂಟನ ಆಫೀಸಿಗೆ ಬೀಗ ಬಿದ್ದಿತ್ತು. ಅಷ್ಟು ಜನ ಪ್ರಾರ್ಥಿಸಿ ಕಳಿಸಿದ ಮೇಲೆ ತಿರುಗಿ ಬರಲು ಮುಖವಿರಲಿಲ್ಲ. ಮಿರಜದ ಒಂದು ಖಾನಾವಳಿಯಲ್ಲಿ ರೊಟ್ಟಿ ಬೇಯಿಸುತ್ತ ಉಳಿದ. ಹಡಗು ಹತ್ತಲೇ ಇಲ್ಲ. ಊರಿಗೆ ಬರುವ ಮುನ್ನ ಹುಬ್ಬಳ್ಳಿಗೆ ಹೋಗಿ, ಹಳೆಯ ನಾಣ್ಯ ಮಾರುವವನ ಹತ್ತಿರ ಒಂದು ನೋಟು ಕೊಳ್ಳುತ್ತಿದ್ದ. ಹರಾಜಿನಲ್ಲಿ ಹೋದ ನೋಟೂ ಹೇಗೋ ಅಲ್ಲಿಗೇ ಬಂದು ಸೇರಿತ್ತು. ಅದು ಯಾವ ದೇಶದ್ದೆಂದು ಅವನಿಗೂ ಅಣ್ಣನಿಂದಲೇ ತಿಳಿಯುತ್ತಿತ್ತು.

“ನೀ ಒಂದ ಸಲಾನೂ ಕೇಳಲಿಲ್ಲ ಅಣ್ಣಾ. ಕೇಳಿದ್ದರ ಮೊದಲನೇ ವರ್ಷಾನ ಹೇಳಿಬಿಡ್ತಿದ್ದೆ.”

ಕಾಕಾ ಬಯ್ಯಲಿಲ್ಲ. ಕಾಕು ತಟ್ಟೆಗೆ ಬಡಿಸಿದರು. ಯಾರೂ ಸರಿಯಾಗಿ ಉಣ್ಣಲಿಲ್ಲ.

ಮರುದಿನ ಮೂವರೂ ಚರ್ಚಿಗೆ ಹೋದರು. ಜಾಯ್ ಬಂದ ವರ್ಷ ಅವನು ಕ್ಷೇಮವಾಗಿ ದಡ ಸೇರಿದ್ದಕ್ಕೆ ಕಾಕಾ ಎದ್ದು ಸ್ತೋತ್ರ ಹೇಳುವುದು ವಾಡಿಕೆ. ಅಂದೂ ಎದ್ದರು. “ನನ್ನ ತಮ್ಮ ಸಮುದ್ರದಿಂದ” ಎಂದು ತೊಡಗಿ ಅಲ್ಲಿಗೇ ನಿಲ್ಲಿಸಿಬಿಟ್ಟರು. ದೇವರ ಮುಂದೆ ಸುಳ್ಳು ಹೇಳಲಾಗಲಿಲ್ಲ. ಜನರ ಮುಂದೆ ನಿಜ ಹೇಳಲಾಗಲಿಲ್ಲ. ಹಾಗೇ ಕುಳಿತರು. ಎಲ್ಲರೂ ಹಿಂತಿರುಗಿ ಜಾಯ್‌ನನ್ನು ನೋಡಿದರು. ಅವನು ಎದ್ದು ಹೊರಗೆ ಹೋದ. ಇವರು ಮನೆಗೆ ಬಂದಾಗ ಅವನ ಚೀಲ ಇರಲಿಲ್ಲ.

ಅವನ ಫೋನ್ ಇಂದಿಗೂ ಬಂದ್ ಇದೆ. ಕಾಕಾ ಮಿರಜಕ್ಕೆ ಹೋಗಿ ಬಂದರು. ಅವನು ಕೆಲಸ ಬಿಟ್ಟು ಹೋಗಿದ್ದಾನೆಂದು ಖಾನಾವಳಿಯವರು ಹೇಳಿದರಂತೆ. ಭಾನುವಾರ ಈಗಲೂ ಎದ್ದು ನಿಲ್ಲುತ್ತಾರೆ. ತಮ್ಮನ ಹೆಸರನ್ನಷ್ಟೇ ಹೇಳುತ್ತಾರೆ. ಎಲ್ಲಿದ್ದಾನೆಂದು ಹೇಳುವುದಿಲ್ಲ.

ಮೊನ್ನೆ ಪಕ್ಕದ ಮನೆಯ ಅಫ್ರೀನ್, ಮಾಮಾ ದುಬೈನಿಂದ ತಂದ ಒಂದು ನೋಟು ಹಿಡಿದು ಬಂದಳು. ನಿಯಮ ಗೊತ್ತಿದ್ದ ಹುಡುಗಿ, ಬಾಯಿ ಬಿಗಿ ಹಿಡಿದು ನಿಂತಳು. ಕಾಕಾ ಭೂತಗನ್ನಡಿಯನ್ನು ಪಕ್ಕಕ್ಕೆ ಸರಿಸಿದರು.

“ಎಲ್ಲೀದಿದು? ನೀನ ಹೇಳವ್ವಾ. ನಾ ಕೇಳತೇನಿ.”